ನಾನೇ ಬರೆದ ಸುದ್ದಿ ನನಗೇ ಎದುರಾದಾಗ

ಹೋದ ತಿಂಗಳು ಒಬ್ಬ ವಿದ್ಯಾರ್ಥಿ ತನ್ನ ಪ್ರಾಜೆಕ್ಟ್ ತಂದು ಟೇಬಲ್ ಮೇಲಿಟ್ಟ. ನಮ್ಮ ಕಡೆಯ ಹಳೇ ನಾಟಕ ಕಂಪನಿಯೊಂದರ ಬಗ್ಗೆ. ಮಾಲೀಕರು ಹುಟ್ಟಿದ್ದು 1926ರಲ್ಲಿ ಎಂದು ಬರೆದಿದ್ದ. "ಇದು ಎಲ್ಲಿ ಸಿಕ್ತು?" ಅಂದೆ. "ಪೇಪರ್‌ನಲ್ಲೇ ಬಂದಿದೆ ಸರ್" ಎಂದು ಜೆರಾಕ್ಸ್ ತೋರಿಸಿದ. 2004ರ ನಿಧನ ಸುದ್ದಿ, ಸಿಂಗಲ್ ಕಾಲಂ. ಬೈಲೈನ್, ಅಂದರೆ ಬರೆದವರ ಹೆಸರು ಇರಲಿಲ್ಲ, ಬಚಾವಾದೆ. ಬರೆದವನು ನಾನೇ.

ಆಗ ನಾನು ಒಂದು ದಿನಪತ್ರಿಕೆಯ ಡೆಸ್ಕ್‌ನಲ್ಲಿದ್ದೆ. ರಾತ್ರಿ ಹನ್ನೊಂದು ದಾಟಿತ್ತು, ಪುಟ ಬಿಡುವ ಹೊತ್ತು. ತಾಲ್ಲೂಕು ವರದಿಗಾರ ಫೋನ್ ಮಾಡಿ "ಯಜಮಾನ್ರು ಹೋಗ್ಬಿಟ್ರು ಸರ್" ಅಂದ. ವಯಸ್ಸು ಕೇಳಿದೆ. ಅವನು ಅಲ್ಲಿದ್ದವರನ್ನು ಕೇಳಿದ. ಒಬ್ಬರು ಎಪ್ಪತ್ತೈದು ಅಂದರು, ಇನ್ನೊಬ್ಬರು ಎಂಬತ್ತರ ಹತ್ತಿರ ಅಂದರು. ನಾನು 78 ಎಂದು ಹಾಕಿದೆ. ಕಾಲಂ ತುಂಬಲು ಇನ್ನೊಂದು ಸಾಲು ಬೇಕಿತ್ತು. 2004ರಲ್ಲಿ 78 ಕಳೆದು, '1926ರಲ್ಲಿ ಜನಿಸಿದ ಅವರು' ಎಂದು ಸೇರಿಸಿದೆ. ಪುಟ ಹೋಯಿತು.

ಆಮೇಲೆ ಪತ್ರಿಕೆ ಬಿಟ್ಟೆ. ಎಂ.ಎ. ಮುಗಿಸಿ ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವ ಕೆಲಸ ಹಿಡಿದೆ. ಈಗ ಬರೆಯುತ್ತಿರುವುದು ಅದೇ ಯಜಮಾನರ ಜೀವನಚರಿತ್ರೆ! ಎಲ್ಲಿ ತಡಕಿದರೂ 1926 ಸಿಗುತ್ತದೆ. ಒಂದು ಸ್ಮರಣ ಸಂಚಿಕೆ, ಎರಡು ಲೇಖನ. ಎಲ್ಲದರ ಬೇರು ನನ್ನ ಆ ಒಂದು ಸಾಲು.

ಪತ್ರಿಕೆಯಿಂದ ಇತಿಹಾಸಕ್ಕೆ ಬರುವ ಈ ದಾರಿಯಲ್ಲಿ ಮೊದಲೇ ನಡೆದವರು ಅಮೆರಿಕದ ಅಲನ್ ನೆವಿನ್ಸ್. 1913ರಿಂದ ಸುಮಾರು ಹತ್ತು ವರ್ಷ ನ್ಯೂಯಾರ್ಕ್‌ನ ಈವ್ನಿಂಗ್ ಪೋಸ್ಟ್‌ಗೆ ಸಂಪಾದಕೀಯ ಬರೆದರು. ಬೇರೆ ಪತ್ರಿಕೆಗಳಲ್ಲೂ ದುಡಿದರು. ಪಿಎಚ್.ಡಿ. ಇರಲಿಲ್ಲ. ಆದರೂ 1931ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರೊಫೆಸರ್ ಆದರು. ನಮ್ಮಲ್ಲಾಗಿದ್ದರೆ ಅರ್ಜಿಯೇ ವಾಪಸ್ ಬರುತ್ತಿತ್ತು, ಅಲ್ವಾ? ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಅವರ ಜೀವನಚರಿತ್ರೆಗೆ 1933ರಲ್ಲಿ, ವಿದೇಶಾಂಗ ಸಚಿವರಾಗಿದ್ದ ಹ್ಯಾಮಿಲ್ಟನ್ ಫಿಶ್ ಅವರದಕ್ಕೆ 1937ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ನನಗೆ ಜಾಸ್ತಿ ಹಿಡಿಸಿದ್ದು ಬೇರೆ ವಿಷಯ. ಪೇಪರ್‌ನಲ್ಲಿ ಯಾರದಾದರೂ ನಿಧನ ಸುದ್ದಿ ನೋಡಿದರೆ, ಇವರ ಜೊತೆ ಎಷ್ಟೆಲ್ಲ ನೆನಪು ಹೋದವಲ್ಲ ಎಂದು ನೆವಿನ್ಸ್ ಅವರಿಗೆ ಸಂಕಟವಾಗುತ್ತಿತ್ತಂತೆ. 1948ರಲ್ಲಿ ಕೊಲಂಬಿಯಾದಲ್ಲಿ ಮೌಖಿಕ ಇತಿಹಾಸದ ಕಚೇರಿ ಶುರು ಮಾಡಿದರು. ಬದುಕಿರುವಾಗಲೇ ಕೂರಿಸಿ ಮಾತಾಡಿಸಿ ಬರೆದಿಡುವ ಕೆಲಸ. ಮೊದಲ ಸಂದರ್ಶನ ನ್ಯೂಯಾರ್ಕ್‌ನ ನಗರಾಡಳಿತದಲ್ಲಿದ್ದ ಜಾರ್ಜ್ ಮೆಕನೆನಿ ಅವರದು. ರೆಕಾರ್ಡರ್ ಇರಲಿಲ್ಲ. ಪಕ್ಕದಲ್ಲಿ ಕೂತ ವಿದ್ಯಾರ್ಥಿಯೊಬ್ಬ ಕೈಯಲ್ಲೇ ಬರೆದುಕೊಂಡ.

ನಾನು ಯಜಮಾನರ ಅಕ್ಕನನ್ನು ಹುಡುಕಿಕೊಂಡು ಹೋಗಿದ್ದು 2016ರಲ್ಲಿ. ತೊಂಬತ್ತು ದಾಟಿತ್ತು. ಅದಕ್ಕೆ ಮೊದಲು ಊರಿನ ಶಾಲೆಯ ದಾಖಲಾತಿ ಪುಸ್ತಕ ನೋಡಿದ್ದೆ. ಯಜಮಾನರು ಓದಿದ ಕಾಲದ ಪುಟಗಳನ್ನು ಗೆದ್ದಲು ತಿಂದಿತ್ತು. ಇದ್ದಿದ್ದರೂ ಹುಟ್ಟಿದ ತಾರೀಖನ್ನು ನಂಬುವ ಹಾಗಿರಲಿಲ್ಲ, ಬಿಡಿ. ಅರ್ಧ ಊರೇ ಜೂನ್ 1ರಂದು ಹುಟ್ಟಿದೆ, ಮೇಷ್ಟ್ರು ದಯಪಾಲಿಸಿದ್ದು.

ಅಜ್ಜಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ತಮ್ಮ ಯಾವಾಗ ಹುಟ್ಟಿದ್ದು ಎಂದರೆ ನಕ್ಕರು. "ಇಸವಿ ಗಿಸವಿ ನಂಗೇನ್ ಗೊತ್ತಪ್ಪಾ" ಅಂದರು. ಸುಮ್ನೆ ಕೂತೆ. ಸ್ವಲ್ಪ ಹೊತ್ತಿಗೆ ತಾವೇ ಶುರು ಮಾಡಿದರು. "ಇಲಿ ಬಿದ್ದು ಊರು ಬಿಟ್ವಿ ನೋಡು, ಹೊಲದಲ್ಲಿ ಗುಡ್ಲು ಹಾಕಿದ್ವಿ. ಆಗ ಅವನಿನ್ನೂ ತೊಟ್ಟಿಲ ಕೂಸು. ಹೊಂಗೆ ಮರಕ್ಕೆ ಜೋಲಿ ಕಟ್ಟಿ ನಾನೇ ತೂಗ್ತಿದ್ದೆ." ಇಲಿ ಬೀಳುವುದೆಂದರೆ ಪ್ಲೇಗು. ಅದು ಈ ಕಡೆ ಬಂದಿದ್ದು ಒಂದು ಸಲ ಅಲ್ಲ. ಯಾವ ಸಲದ್ದು? ಅದನ್ನೇ ತಿರುಗಿಸಿ ಕೇಳಿದೆ. "ವಾಪಸ್ ಊರಿಗೆ ಬಂದ ಮೇಲೇ ನಮ್ಮಪ್ಪ ನನ್ನ ಇಸ್ಕೂಲಿಗೆ ಹಾಕಿದ್ದು" ಅಂದರು.

ಮತ್ತೆ ಶಾಲೆಗೆ ಓಡಿದೆ. ಅಜ್ಜಿಯ ಹೆಸರಿನ ಪುಟ ಉಳಿದಿತ್ತು. ಅವರ ಹುಟ್ಟಿದ ತಾರೀಖೂ ಜೂನ್ 1. ಆದರೆ ಶಾಲೆಗೆ ಸೇರಿದ ತಾರೀಖನ್ನು ಮೇಷ್ಟ್ರು ಅವತ್ತೇ ಬರೆದಿದ್ದು, ಅದನ್ನು ಯಾರೂ ಊಹಿಸಬೇಕಿಲ್ಲ. 1929. ಅಂದರೆ ತಮ್ಮ ಹುಟ್ಟಿದ್ದು 1928ರಲ್ಲೋ 1929ರಲ್ಲೋ. ಆ ರಾತ್ರಿ ಎಪ್ಪತ್ತೈದು ಅಂದವರೇ ಸರಿ.

ಇಷ್ಟನ್ನೂ ಹೇಳಿದ ಮೇಲೆ ಹುಡುಗ ಜೆರಾಕ್ಸನ್ನು ಮತ್ತೆ ನೋಡಿದ. "ಇದನ್ನ ಬರೆದವ್ರು ಸಿಕ್ಕಿದ್ರೆ ಕೇಳಬಹುದಿತ್ತು ಸರ್, 1926 ಎಲ್ಲಿಂದ ತಂದ್ರಿ ಅಂತ."

"ಕೇಳು" ಅಂದೆ. "ಫೋನ್‌ನಲ್ಲಿ ರೆಕಾರ್ಡಿಂಗ್ ಆನ್ ಮಾಡ್ಕೋ."