ಎಮ್ಮಿ ವೈನೀದು, ಬಿಲ್ ಅಣ್ಣಂದು

ಪುಣೆಯೊಳಗ ನಮ್ಮ ಸೊಸೈಟಿಗೆ ಅಡಗಿ ಮಾಡಾಕ ಬರೋ ಅಕ್ಕಾರು ಇಂಡಿ ಕಡ್ಯಾವ್ರು, ಯಾರ ಮನ್ಯಾಗ ಎಷ್ಟ ಪಗಾರ ಅನ್ನೋದು ಬಾಯಾಗ ಇರ್ತೈತಿ, ಒಂದ ದಿನ ತಡಾ ಆದ್ರ ಸೀದಾ ಕೇಳ್ತಾರ. ಊರಾಗಿದ್ದಾಗ ಏನ್ ಕೆಲಸಾ ಮಾಡ್ತಿದ್ರಿ ಅಂದ್ರ ಮಾತ್ರ "ಏನಿಲ್ರಿ, ಹೊಲಾ ಮನಿ ಅಷ್ಟ."

ನಮ್ಮ ವೈನೀನೂ (ಅಣ್ಣನ ಹೆಂಡ್ತಿ) ಹಂಗ. ಅಥಣಿ ಕಡೆ ನಮ್ಮೂರು. ನಸುಕಿನ್ಯಾಗ ಎದ್ದು ಸಗಣಿ ಬಳದು, ಎಮ್ಮಿ ಹಿಂಡಿ, ಕ್ಯಾನ್ ಹೊತ್ಕೊಂಡು ಡೇರಿಗೆ ಹೋಗೋದು ಆಕಿ. ಹಾಲಿನ ಫ್ಯಾಟ್ 6ರ ಕೆಳಗ ಇಳದ್ರ ಯಾವ ಎಮ್ಮಿ ಸರಿಯಾಗಿ ಮೇಯ್ಲಿಲ್ಲ ಅಂತ ಆಕೀಗೇ ಗೊತ್ತು, ಅಣ್ಣಗ ಕೇಳಿದ್ರ ಎಮ್ಮಿ ಈದ ತಿಂಗಳನೂ ಹೇಳಾಂಗಿಲ್ಲ (ಅಣ್ಣಾ, ಓದಿದ್ರ ಸಿಟ್ಟಾಗಬ್ಯಾಡಪ್ಪ). ಆದ್ರ ಡೇರಿ ಪುಸ್ತಕದ ಮ್ಯಾಲ ಅಣ್ಣನ ಹೆಸರು, ಬಿಲ್ ಬೀಳೋದೂ ಅವನ ಅಕೌಂಟಿಗೆ.

ಸರ್ಕಾರದ ಸರ್ವೇ ಪ್ರಕಾರ ಹಳ್ಳ್ಯಾಗ 15 ವರ್ಷದ ಮ್ಯಾಲಿನ ಹೆಣ್ಮಕ್ಕಳಾಗ ದುಡಿಯೋರು ಇಲ್ಲಾ ಕೆಲಸಾ ಹುಡುಕೋರು 2017-18ರಾಗ ನೂರಕ್ಕ 24.6 ಇದ್ರು, 2023-24ಕ್ಕ 47.6 ಆಗ್ಯಾರ. ಕೇಳಾಕ ಚಂದ ಐತಿ. ಆದ್ರ ಅದ್ರಾಗ ಭಾಳ ಮಂದಿ ಮನೀ ಕಸುಬಿನ್ಯಾಗ ಪಗಾರ ಇಲ್ಲದ ಕೈ ಜೋಡಿಸೋರು, ಅಂದ್ರ ನಮ್ಮ ವೈನಿಯಂಥಾವ್ರ.

ಇಲ್ಲಿ ಬಾರಾಮತಿ ಕಡೆ ಸೀಜನ್ ಶುರು ಆತಂದ್ರ ಬೀಡ್ ಜಿಲ್ಲಾದಿಂದ ಕಬ್ಬ ಕಡ್ಯಾವ್ರು ಬರ್ತಾರ. ಗಂಡ ಹೆಂಡ್ತಿ ಕೂಡಿ ಒಂದ 'ಕೊಯ್ತಾ' ಅಂತ ಲೆಕ್ಕ. ಮುಕಾದಮನ (ಕೂಲಿಯವ್ರನ್ನ ಕರ್ಕೊಂಡ ಬರೋ ಗುತ್ತಿಗೆದಾರ) ಕಡೆ ಉಚಲ್, ಅಂದ್ರ ಮುಂಗಡ ರೊಕ್ಕ, ಇಸ್ಕೊಳ್ಳೋದು ಗಂಡ, ಟನ್ನಿನ ಲೆಕ್ಕದಾಗ ತೀರಿಸೋದು ಇಬ್ಬರೂ, ಆಕೀ ಪಾಲು ಎಷ್ಟಂತ ಯಾವ ಚೀಟ್ಯಾಗೂ ಬರಿಯಾಂಗಿಲ್ಲ. ಲಗ್ನ ಆದ ಹೆಣ್ಮಗಳಿಗೆ ಕೆಲಸಾ ಸಿಗತೈತ್ರಿ, ಬೇಕಾದಷ್ಟ ಸಿಗತೈತಿ, ಪಗಾರ ಮಾತ್ರ ಗಂಡನ ಹೆಸರಿಗೆ.

ಅದಕ್ಕ ನನಗ ನರೇಗಾ ಹಿಡಸಿದ್ದು. 2005ರ ಕಾನೂನು, ಗಂಡಿಗೂ ಹೆಣ್ಣಿಗೂ ಒಂದ ಕೂಲಿ, 2025-26ಕ್ಕ ಕರ್ನಾಟಕದಾಗ ದಿನಕ್ಕ 370 ರೂಪಾಯಿ ಇತ್ತು. ಮಣ್ಣ ಹೊರೋದು ಸುಖದ ಕೆಲಸಾ ಏನಲ್ಲ, ಆದ್ರ ಎನ್ಎಂಆರ್ (ಕೂಲಿಯವ್ರ ಹಾಜರಿ ಪಟ್ಟಿ) ಒಳಗ ಆಕೀ ಹೆಸರು ಇರ್ತಿತ್ತು.

ಗೃಹಲಕ್ಷ್ಮಿ ಎರಡ ಸಾವಿರ ಬರಾಕ ವೈನೀ ಹೆಸರಿಲೆ ಅಕೌಂಟ್ ಹೆಂಗೂ ಐತಿ, ಹಾಲಿನ ಬಿಲ್ಲೂ ಅದಕ್ಕ ಹಾಕ್ರಿ ಅಂತ ಹೋದ ಸಲ ಊರಿಗೆ ಹೋದಾಗ ಡೇರ್ಯಾಗ ಕೇಳಿದೆ. ಮೆಂಬರ್ ಅಣ್ಣ ಅದಾನ, ಷೇರು ಬದಲಿ ಮಾಡ್ಬೇಕು, ಅವನ ಸಹಿ ಬೇಕಂದ್ರು. ಅಣ್ಣ "ಸುಗ್ಗಿ ಮುಗೀಲಿ ನೋಡೋಣು" ಅಂದ. ವೈನಿ ಮಾತ್ರ ಅವತ್ತ ಸಂಜೀಕ ನನ್ನ ಕರದು, ಫಾರ್ಮಿಗೆ ಆಧಾರ್ ಝೆರಾಕ್ಸ್ ಎಷ್ಟ ಬೇಕು ಅಂತ ಕೇಳಿದ್ರು.