ನಾಳೆ ರಜೆಯಂತೆ, ನಿಜವಾ?

ಮಳೆಗಾಲ ಸುರುವಾದರೆ ರಾತ್ರಿ ಎಂಟೂವರೆಯ ಮೇಲೆ ಮೊಬೈಲಿಗೆ ಬರುವ ಪ್ರಶ್ನೆ ಒಂದೇ. ಮೇಲೆ ರಜೆಯ ಆದೇಶದ ಒಂದು ಫಾರ್ವರ್ಡ್ ಪಟ, ಕೆಳಗೆ "ಇದು ನಿಜವಾ?" ನಮಸ್ಕಾರ ಇಲ್ಲ, ಊಟ ಆಯ್ತಾ ಇಲ್ಲ. ಮಂಜೇಶ್ವರದಿಂದ ಒಬ್ಬರು, ಪೆರ್ಲದಿಂದ ಇನ್ನೊಬ್ಬರು, ಬದಿಯಡ್ಕದಿಂದ ಅದೇ ಪಟ ಮೂರನೇ ಸಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಮ್ಮೆ ಬರೆದಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳುಹಿಸುವುದು. ಬೇಜಾರು ಮಾಡಿಕೊಳ್ಳುವವರು ಮಾಡಿಕೊಳ್ಳಲಿ.

ಪ್ರಶ್ನೆಯೇ ಸರಿ ಇಲ್ಲ. "ನಿಜವಾ" ಅಂದರೆ ಹೌದು ಅನ್ನಬೇಕು, ಇಲ್ಲವಾದರೆ ಅಲ್ಲ ಅನ್ನಬೇಕು. ಆದರೆ ಕೇರಳದ ನಮ್ಮ ಕಾಸರಗೋಡಿನಲ್ಲಿ ಓಡಾಡುವ ರಜೆಯ ಪಟಗಳಲ್ಲಿ ಯಾರೋ ಕೂತು ಹೊಸದಾಗಿ ಹೆಣೆದ ಸುಳ್ಳು ಕಡಿಮೆ. ಹೆಚ್ಚಿನವು ಅಪ್ಪಟ ನಿಜ. ತಲಪಾಡಿ ಗಡಿಯ ಆಚೆ, ಕರ್ನಾಟಕದಲ್ಲಿ ನಿಜ, ಅಥವಾ ಹೋದ ವರ್ಷ ನಿಜ. ಸಹಿ ಅಸಲಿ, ಸೀಲು ಅಸಲಿ, ನಿಮ್ಮ ಮಗುವಿನ ಶಾಲೆಗೆ ಮಾತ್ರ ಸಂಬಂಧ ಇಲ್ಲ. ಸುಳ್ಳು ಅಂದರೆ "ಎಂತ ಮಾರಾಯ್ರೆ, ಡಿ.ಸಿ.ಯವರ ಸೈನು ಉಂಟಲ್ಲ" ಅಂತ ಜಗಳ. ನಿಜ ಅಂದರೆ ಮರುದಿನ ಮಗು ಮನೆಯಲ್ಲಿ, ಪರೀಕ್ಷೆ ಶಾಲೆಯಲ್ಲಿ.

ಡಿ.ಸಿ. ಅಂದಿರಲ್ಲ, ಅಲ್ಲೇ ಸಿಕ್ಕಿತು. ನಮ್ಮಲ್ಲಿ ಡಿ.ಸಿ. ಇಲ್ಲ, ಕಲೆಕ್ಟರ್ ಇರುವುದು, ವಿದ್ಯಾನಗರದ ಸಿವಿಲ್ ಸ್ಟೇಷನ್‌ನಲ್ಲಿ. ಪಟದಲ್ಲಿ "ಪದವಿ ಪೂರ್ವ" ಅಂತ ಕಂಡರೆ, ಶಿಕ್ಷಣಾಧಿಕಾರಿಗಳ ಹುದ್ದೆ "ಬಿ.ಇ.ಒ." ಅಥವಾ "ಡಿ.ಡಿ.ಪಿ.ಐ." ಅಂತ ಕಂಡರೆ ಅದು ಕರ್ನಾಟಕದ್ದು. ಜಿಲ್ಲೆಯ ಹೆಸರಿರುವ ಮೇಲಿನ ಸಾಲನ್ನು ಯಾರೋ ಕತ್ತರಿಸಿ ಹಾಕಿದ್ದರೂ ಈ ಶಬ್ದಗಳು ಉಳಿದಿರುತ್ತವೆ. ಕೇರಳದ ಆದೇಶದಲ್ಲಿ ಬರುವುದು ಹೈಯರ್ ಸೆಕೆಂಡರಿ, ಎ.ಇ.ಒ., ಡಿ.ಇ.ಒ. ಮದ್ರಸ, ಟ್ಯೂಷನ್ ಸೆಂಟರುಗಳ ಹೆಸರು ಎತ್ತಿ ಹೇಳುವುದೂ ಈಚೆಯ ರೂಢಿಯೇ. ಅಣ್ಣ ಮಂಗಳೂರಿನ ಕಾಲೇಜಿಗೆ, ತಂಗಿ ಉಪ್ಪಳದ ಶಾಲೆಗೆ ಹೋಗುವ ಮನೆಯಾದರೆ ಒಂದೇ ಮಳೆಗೆ ಎರಡು ಆದೇಶ ಬೇಕು. ಎರಡೂ ಸಂಜೆಯ ಹೊತ್ತಿಗೆ ಒಂದೇ ಫ್ಯಾಮಿಲಿ ಗ್ರೂಪಿಗೆ ಬಂದು ಬೀಳುತ್ತವೆ. ಚೊಕ್ಕ ಕನ್ನಡದಲ್ಲಿರುವುದು ಮೊದಲು ಓದಿಸಿಕೊಳ್ಳುತ್ತದೆ, ಓದಿದ್ದು ನಮ್ಮದೇ ಅನ್ನಿಸುತ್ತದೆ. ಪಾಪ, ಅದು ಆಚೆಯದ್ದು.

ಮಳೆಗೂ ಇದೇ ಕಥೆ. ಮೋಡ ತಲಪಾಡಿಯಲ್ಲಿ ಗುರುತಿನ ಚೀಟಿ ತೋರಿಸುವುದಿಲ್ಲ, ಆದರೆ ಮುನ್ಸೂಚನೆ ಕೊಡುವ ಹವಾಮಾನ ಇಲಾಖೆಯ ಕೇಂದ್ರಗಳು ಎರಡು. ಕರಾವಳಿ ಕರ್ನಾಟಕಕ್ಕೆ ಬೆಂಗಳೂರು, ನಮಗೆ ತಿರುವನಂತಪುರ. ಹಾಗಾಗಿ ಮಂಗಳೂರಿಗೆ ರೆಡ್ ಅಲರ್ಟ್, ಕಾಸರಗೋಡಿಗೆ ಆರೆಂಜ್ ಆಗುವುದರಲ್ಲಿ ಮೋಸ ಇಲ್ಲ. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಮಳೆಯ ನಿರೀಕ್ಷೆ ಇದ್ದರೆ ಯೆಲ್ಲೋ, 115.6ರಿಂದ 204.4 ಆರೆಂಜ್, ಅದಕ್ಕೂ ಮೇಲೆ ರೆಡ್. ಈ ಬಣ್ಣ ದಿನದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬದಲಾಗಬಹುದು, ಅದಕ್ಕೇ ಮುನ್ಸೂಚನೆಯ ಕಾರ್ಡಿನಲ್ಲಿ ಬಿಡುಗಡೆಯ ಸಮಯ ಹಾಕುವುದು. ಮಧ್ಯಾಹ್ನದ ಕಾರ್ಡನ್ನು ರಾತ್ರಿ ಹತ್ತಕ್ಕೆ ಕಳುಹಿಸಿ "ನಿಜವಾ" ಅಂದರೆ, ಮಧ್ಯಾಹ್ನ ನಿಜ ಇತ್ತು. ಇನ್ನೊಂದು, ರೆಡ್ ಅಲರ್ಟ್ ರಜೆ ಅಲ್ಲ. ಅದು ಮಳೆಯ ಅಂದಾಜು. ರಜೆಗೆ ಕಲೆಕ್ಟರರ ಆದೇಶ ಬೇಕು. ಇದನ್ನು ಎಷ್ಟು ಸಲ ಹೇಳಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ, ಇಟ್ಟಿದ್ದರೆ ನನಗೇ ರೆಡ್ ಅಲರ್ಟ್ ಕೊಡಬೇಕಾಗುತ್ತಿತ್ತು.

ಹಳೆಯ ಆದೇಶ ಹಿಡಿಯುವುದಕ್ಕೆ ಆ್ಯಪ್ ಬೇಡ, ಗೋಡೆಯ ಕ್ಯಾಲೆಂಡರ್ ಸಾಕು. ಪಟದಲ್ಲಿ ಇಸವಿ ಮಸುಕಾಗಿರುತ್ತದೆ ಅಥವಾ ಕತ್ತರಿಸಿ ಹೋಗಿರುತ್ತದೆ, ಆದರೆ "ಜುಲೈ 17, ಗುರುವಾರ" ಅಂತ ವಾರ ಉಳಿದಿರುತ್ತದೆ. ಅದೇ ತಾರೀಕಿನ ವಾರ ಮುಂದಿನ ವರ್ಷಕ್ಕೆ ಒಂದು ದಿನ ಮುಂದೆ ಸರಿಯುತ್ತದೆ, ನಡುವೆ ಫೆಬ್ರುವರಿ 29 ಬಂದರೆ ಎರಡು. 2025ರ ಜುಲೈ 17 ಗುರುವಾರ, 2026ರಲ್ಲಿ ಅದು ಶುಕ್ರವಾರ. ತಾರೀಕು ವಾರ ತಾಳೆಯಾಗಲಿಲ್ಲವೋ, ಮುಗಿಯಿತು. ತಾಳೆಯಾಯಿತು ಅಂತ ಕುಣಿಯುವುದೂ ಬೇಡ. 2019ರ ಜುಲೈ 17 ಬುಧವಾರ, 2024ರದ್ದೂ ಬುಧವಾರ. ಐದಾರು ವರ್ಷ ಹಳೆಯ ಪಟ ಮತ್ತೆ ಹೊಸದಾಗಿ ಕಾಣುವುದು ಹೀಗೆ. ಆಗ ಸಹಿಯ ಕೆಳಗಿನ ಹೆಸರು ನೋಡಬೇಕು. ಕಲೆಕ್ಟರರು ವರ್ಗವಾಗುತ್ತಾರೆ, ಪಟದಲ್ಲಿ ಇರುವವರಿಗೆ ವರ್ಗ ಇಲ್ಲ.

ಗೂಗಲ್ ಲೆನ್ಸ್‌ಗೆ ಹಾಕಿ ನೋಡಿದೆ, ಏನೂ ಬರಲಿಲ್ಲ ಅನ್ನುವವರಿದ್ದಾರೆ. ಬರುವುದಿಲ್ಲ. ನೆರೆ, ಗುಡ್ಡ ಕುಸಿತ, ಮುರಿದ ಸೇತುವೆಯ ಫೋಟೋ ಆದರೆ ಲೆನ್ಸ್ ಒಳ್ಳೆಯ ಆಳು. ಅದೇ ಫೋಟೋ ಹಿಂದೆ ಎಲ್ಲಿ ಬಂದಿತ್ತು ಅಂತ ತೆಗೆದು ಕೊಡುತ್ತದೆ. ಮೇಲೆ ಬರೆದ ಅಕ್ಷರ, ಕೆಂಪು ಬಾಣ ಎಲ್ಲ ಬಿಟ್ಟು ದೃಶ್ಯವನ್ನಷ್ಟೇ ಕ್ರಾಪ್ ಮಾಡಿ ಹಾಕಬೇಕು. ಬರೀ ಅಕ್ಷರವಿರುವ ಆದೇಶದ ಪಟಗಳು ಎಲ್ಲವೂ ಒಂದೇ ಹಾಗೆ ಕಾಣುತ್ತವೆ, ಅದಕ್ಕೆ ಗುರುತು ಸಿಗುವುದಿಲ್ಲ. ಫೋಟೋದೊಳಗೆ ತೆಗೆದ ದಿನ, ಜಾಗ ಇರುತ್ತದಲ್ಲ ಅನ್ನುವ ಬುದ್ಧಿವಂತರಿಗೆ: ವಾಟ್ಸಾಪಿನಲ್ಲಿ ಪಟವಾಗಿ ಕಳುಹಿಸಿದ ಕೂಡಲೇ ಅದೆಲ್ಲ ಅಳಿಸಿ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಮಾತ್ರ ಉಳಿಯುತ್ತದೆ. ಹಾಗೆ ಯಾರೂ ಕಳುಹಿಸುವುದಿಲ್ಲ.

"ಫಾರ್ವರ್ಡೆಡ್ ಅಂತ ಬರೆದಿಲ್ಲ, ಹಾಗಾದರೆ ಅವರೇ ಹಾಕಿದ್ದು" ಅನ್ನುವುದು ಇನ್ನೊಂದು ವಾದ. ಆ ಗುರುತು ಬರುವುದು ಫಾರ್ವರ್ಡ್ ಬಟನ್ ಒತ್ತಿದರೆ ಮಾತ್ರ. ಅಕ್ಷರವನ್ನು ಕಾಪಿ ಮಾಡಿ ಅಂಟಿಸಿದರೆ, ಪಟದ ಸ್ಕ್ರೀನ್‌ಶಾಟ್ ತೆಗೆದು ಹಾಕಿದರೆ ಗುರುತು ಹೋಗುತ್ತದೆ, ಎಣಿಕೆ ಮತ್ತೆ ಸೊನ್ನೆಯಿಂದ. ಐದು ಕೈ ದಾಟಿ ಬಂದದ್ದಕ್ಕೆ ಜೋಡಿ ಬಾಣ ಬೀಳುತ್ತದೆ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳುಹಿಸಲು ಆಗುವುದು. ಅದಕ್ಕೆ ನಮ್ಮವರು ಕಂಡುಹಿಡಿದ ಮದ್ದೇ ಸ್ಕ್ರೀನ್‌ಶಾಟ್. ಜೋಡಿ ಬಾಣ ಇದ್ದದ್ದೆಲ್ಲ ಸುಳ್ಳು ಅಂತಲ್ಲ, ಯಾರು ಮೊದಲು ಹೇಳಿದ್ದು ಅಂತ ಕೇಳಲು ದಾರಿ ಉಳಿದಿಲ್ಲ ಅಂತ ಅರ್ಥ.

ಇಷ್ಟೆಲ್ಲ ಕಸರತ್ತು ಯಾಕೆ? ಆಡಳಿತದ ಸೂಚನೆ ಮೊದಲು ಬರುವುದು ಮಲಯಾಳದಲ್ಲಿ. ಮಾತಾಡಿದರೆ ಅರ್ಥವಾಗುತ್ತದೆ, ಬಸ್ಸಿನ ಬೋರ್ಡು ಓದಲು ಬರುತ್ತದೆ, ಆದರೆ ಒತ್ತೊತ್ತಾದ ಆಡಳಿತದ ಮಲಯಾಳ ಓದಿ ಮುಗಿಸುವಷ್ಟು ತಾಳ್ಮೆ ಕನ್ನಡ ಮೀಡಿಯಂನಲ್ಲಿ ಕಲಿತ ಅನೇಕರಿಗಿಲ್ಲ. ಆಗ ಗ್ರೂಪಿನಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಅದನ್ನು ಕನ್ನಡಕ್ಕೆ ತಂದು ಹಾಕುತ್ತಾನೆ. ಅವನ ಹೆಸರು ಕೆಳಗೆ ಇರುವುದಿಲ್ಲ. ನಿಜವಾದ ಅಪಾಯ ಇರುವುದು ಇಲ್ಲಿ, ಈ ನಾಲ್ಕು ಸಾಲಿನಲ್ಲಿ.

ಹತ್ತಿರದಿಂದ ನೋಡಿ. ಮಲಯಾಳದಲ್ಲಿ "ಅವಧಿ" ಅಂದರೆ ರಜೆ. ಕನ್ನಡದವನಿಗೆ ಅವಧಿ ಅಂದರೆ ಗಡುವು, ಕಾಲ. "ಉತ್ತರವ್" ಅಂದರೆ ಆದೇಶ, ನಮಗೆ ಕೇಳುವುದು ಉತ್ತರ. "ಬಾಧಕಮಲ್ಲ" ಅಂದರೆ ಅನ್ವಯಿಸುವುದಿಲ್ಲ. ವಸತಿ ಶಾಲೆಗಳಿಗೆ ಅವಧಿ ಬಾಧಕಮಲ್ಲ ಅಂದರೆ ಅವಕ್ಕೆ ರಜೆ ಇಲ್ಲ ಅಂತ. ಬಾಧಕ ಅಂದರೆ ತೊಂದರೆ ಅಂತ ತಿಳಿದವನು ಬರೆಯುವುದು: ರಜೆಗೆ ತೊಂದರೆ ಇಲ್ಲ. "ಪರೀಕ್ಷೆಗಳಿಗೆ ಮಾಟ್ಟಮಿಲ್ಲ" ಅಂದರೆ ಬದಲಾವಣೆ ಇಲ್ಲ, ನಿಗದಿಯಾದ ಪರೀಕ್ಷೆ ನಡೆಯುತ್ತದೆ. ಈ ಸಾಲು ಅನುವಾದದಲ್ಲಿ ಬಿಟ್ಟೇ ಹೋಗುತ್ತದೆ, ಯಾಕೆಂದರೆ ರಜೆ ಅಂತ ಕಂಡ ಮೇಲೆ ಕೆಳಗಿನದ್ದು ಓದುವವರು ಯಾರು?

ಎಲ್ಲಕ್ಕಿಂತ ಕೆಟ್ಟ ಹೊಂಡ ಎರಡು ಶಬ್ದಗಳ ನಡುವೆ ಉಂಟು. ಒಂದು "ಉಳ್ಪ್ಪೆಡೆ", ಅಂದರೆ ಸೇರಿದಂತೆ. ಇನ್ನೊಂದನ್ನು ನಾವು ಕನ್ನಡ ಅಕ್ಷರದಲ್ಲಿ ಬರೆದರೆ ಹೆಚ್ಚುಕಡಿಮೆ "ಒಳಿಗೆ" ಆಗುತ್ತದೆ, ಅಂದರೆ ಬಿಟ್ಟು, ಹೊರತುಪಡಿಸಿ. ನಾವು "ಳಿ" ಅಂತ ಬರೆದ ಆ ನಡುವಿನ ಅಕ್ಷರ ಬೇರೆಯೇ, ಅದು ಹಳೆಗನ್ನಡದಲ್ಲಿ ಇತ್ತು, ಈಗ ನಮ್ಮಲ್ಲಿ ಬಳಕೆಯಲ್ಲಿ ಇಲ್ಲ, ಮಲಯಾಳದಲ್ಲಿ ಇನ್ನೂ ಉಂಟು. ನಮ್ಮ ಕಿವಿಗೆ ಅದು "ಒಳಗೆ" ಅಂತ ಬೀಳುತ್ತದೆ. ಪ್ರೊಫೆಷನಲ್ ಕಾಲೇಜುಗಳನ್ನು ಬಿಟ್ಟು ರಜೆ ಅಂತ ಇದ್ದದ್ದು, ಪ್ರೊಫೆಷನಲ್ ಕಾಲೇಜುಗಳೂ ಒಳಗೊಂಡು ರಜೆ ಅಂತ ಆಗುತ್ತದೆ. ಸುಳ್ಳು ಹೇಳಬೇಕು ಅಂತ ಯಾರೂ ಹೊರಡಲಿಲ್ಲ, ಒಂದು ಅಕ್ಷರ ತಲೆಕೆಳಗು ಮಾಡಿತು. ಆದ್ದರಿಂದ ಕನ್ನಡದ ಸಂದೇಶ ಬಂದಾಗ ಅದರ ಮಲಯಾಳ ಮೂಲ ಕೇಳಿ, ಈ ಎರಡು ಶಬ್ದ ಎಲ್ಲಿದೆ ಅಂತ ಮಲಯಾಳ ಗೊತ್ತಿರುವ ಹತ್ತನೇ ಕ್ಲಾಸಿನ ಮಗುವಿನ ಹತ್ತಿರ ಓದಿಸಿ. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ನಾವೆಲ್ಲ ಗಲಾಟೆ ಮಾಡಿದ್ದು ಹೌದು. ಆ ಗಲಾಟೆ ಸರಿಯೇ, ಈಗಲೂ ಹೇಳುತ್ತೇನೆ. ಆದರೆ ಓದಲು ಬರುವುದಿಲ್ಲ ಅನ್ನುವುದು ಹೋರಾಟ ಅಲ್ಲ.

ರಜೆಯ ವಿಷಯ ತಮಾಷೆಯಾಗಿ ಮುಗಿಯುತ್ತದೆ, ಎಲ್ಲವೂ ಹಾಗೆ ಮುಗಿಯುವುದಿಲ್ಲ. 2020ರ ಮಾರ್ಚ್ ಕೊನೆಗೆ ಕರ್ನಾಟಕ ಗಡಿರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ರಸ್ತೆ ತೆರೆಯಬೇಕು ಅಂತ ಕೇರಳ ಹೈಕೋರ್ಟು ಏಪ್ರಿಲ್ 1ರಂದು ಹೇಳಿತು. ಹಾಗಾದರೆ ಆಗ ಗಡಿ ತೆರೆದಿತ್ತಾ? ಕೋರ್ಟಿನ ಕಾಗದದಲ್ಲಿ ಹೌದು, ಮಣ್ಣಿನ ರಾಶಿಯ ಹತ್ತಿರ ಇಲ್ಲ. ಎರಡು ಸರಕಾರಗಳ ನಡುವೆ ವಾಸ ಮಾಡುವವನಿಗೆ ಎರಡು ನಿಜ ಒಟ್ಟಿಗೆ ಬರುತ್ತವೆ. ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದ ಮಂಜೇಶ್ವರದ ರೋಗಿಗೆ ಬೇಕಾದದ್ದು ಆಂಬುಲೆನ್ಸ್ ದಾಟುತ್ತದಾ ಅನ್ನುವ ಒಂದೇ ಮಾತು.

ನಡುವೆ ಬರುವ ಅಡ್ಡಪ್ರಶ್ನೆಗೂ ಉತ್ತರ ಕೊಟ್ಟುಬಿಡುತ್ತೇನೆ: "ಅಡ್ಮಿನ್‌ನನ್ನು ಹಿಡಿಯುತ್ತಾರಾ?" ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ಆಗಿರುವ ಒಂದೇ ಕಾರಣಕ್ಕೆ ಹೊಣೆ ಮಾಡುವ ಹಾಗಿಲ್ಲ ಅಂತ ಕೇರಳ ಹೈಕೋರ್ಟು 2022ರ ಫೆಬ್ರುವರಿಯಲ್ಲಿ ಹೇಳಿದೆ. ಹಾಕಿದವನಿಗೆ ಮಾತ್ರ ಅಷ್ಟು ಸುಖ ಇಲ್ಲ. ವಿಪತ್ತಿನ ಬಗ್ಗೆ ಸುಳ್ಳು ಎಚ್ಚರಿಕೆ ಹಬ್ಬಿಸಿ ಜನರನ್ನು ಗಾಬರಿಪಡಿಸಿದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 54ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು ಅಥವಾ ದಂಡ. ಇದರ ಮೇಲೆ ಇನ್ನೂ ಗಟ್ಟಿ ಕಾನೂನು ಬೇಕು ಅನ್ನುವವರು 2020ರ ನವೆಂಬರ್ ನೆನಪು ಮಾಡಿಕೊಳ್ಳಿ. ಕೇರಳ ಸರಕಾರ ಪೊಲೀಸ್ ಕಾಯ್ದೆಗೆ 118ಎ ಅಂತ ಸೇರಿಸಿ, ನಿಂದನೆಯ ಪೋಸ್ಟಿಗೆ ಮೂರು ವರ್ಷದವರೆಗೆ ಜೈಲು ಅಂತ ಸುಗ್ರೀವಾಜ್ಞೆ ತಂದಿತು. ಎಡದವರೇ ಬೈದರು, ಕೆಲವೇ ದಿನಗಳಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ಅದೇ ಕಾಯ್ದೆಯ 118(ಡಿ)ಯನ್ನು ಸುಪ್ರೀಂ ಕೋರ್ಟು 2015ರಲ್ಲೇ ಐ.ಟಿ. ಕಾಯ್ದೆಯ 66ಎ ಜೊತೆಗೆ ಕಸದ ಬುಟ್ಟಿಗೆ ಹಾಕಿತ್ತು. ಅಕ್ಷರ ತಪ್ಪು ಓದಿದವನಿಗೆ ಪೊಲೀಸರು ಕಲಿಸುವಂಥದ್ದು ಏನೂ ಇಲ್ಲ.

ನನ್ನ ಹತ್ತಿರ ಯಾರೂ ಕೇಳದ ಪ್ರಶ್ನೆ ಬೇರೆ. ರಜೆಯ ಆದೇಶ ಮಲಯಾಳದ ಜೊತೆಗೇ ಕನ್ನಡದಲ್ಲಿ ಬರುವ ಹಾಗೆ ಮಾಡುವುದು ಹೇಗೆ? ಇದಕ್ಕಾದರೆ ಊಟ ಬಿಟ್ಟು ಉತ್ತರ ಕೊಡುತ್ತೇನೆ. 1956ರ ನವೆಂಬರ್ 1ರಿಂದ ನಾವು ಭಾಷಾ ಅಲ್ಪಸಂಖ್ಯಾತರು ಅಂತ ವೇದಿಕೆಯಲ್ಲಿ ಹೇಳುತ್ತೇವೆ, ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದ ಮಹಾಜನ್ ವರದಿ ಅನ್ನುತ್ತೇವೆ. ಕೈಯಲ್ಲಿರುವ ಕಾಗದ ಮಾತ್ರ ಬಳಸುವುದಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ, ಕನ್ನಡಿಗರು ಹೆಚ್ಚಿರುವ ಕಡೆಯ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಬರುವ ಉತ್ತರವೂ ಕನ್ನಡದಲ್ಲೇ ಇರಬೇಕು. ಸಂವಿಧಾನದ 350ನೇ ವಿಧಿ ಅಹವಾಲನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಲು ಬಿಡುತ್ತದೆ. ಮಾಹಿತಿ ಹಕ್ಕಿನ ಕಾಯ್ದೆಯ 4(4) ಇನ್ನೂ ಉಪಯೋಗದ್ದು: ಸಾರ್ವಜನಿಕ ಮಾಹಿತಿ ಹಂಚುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಅಂತ ಅದರಲ್ಲೇ ಬರೆದಿದೆ.

ಹಾಗಾದರೆ ಕಲೆಕ್ಟರರಿಗೆ ಒಂದು ಎ4 ಹಾಳೆಯ ಅರ್ಜಿ. ಕನ್ನಡದಲ್ಲೇ. ಮಹಾಜನ್ ಬೇಡ, ಇತಿಹಾಸ ಬೇಡ, ಕಣ್ಣೀರು ಬೇಡ. ವಿಷಯದ ಸಾಲಿನಲ್ಲಿ "ಮಳೆ ಮತ್ತು ರಜೆಯ ಸೂಚನೆಗಳನ್ನು ಕನ್ನಡದಲ್ಲಿಯೂ ಪ್ರಕಟಿಸುವ ಬಗ್ಗೆ" ಅಂತ ಬರೆಯಿರಿ. ಕೆಳಗೆ ಈ ಮೂರು ಕಾನೂನುಗಳ ಹೆಸರು, ಆಮೇಲೆ ಬೇಡಿಕೆ ಒಂದೇ: ಜಿಲ್ಲೆ, ತಾರೀಕು, ವಾರ, ಯಾವ ಸಂಸ್ಥೆಗಳಿಗೆ ರಜೆ, ಯಾವುದಕ್ಕೆ ಇಲ್ಲ, ಪರೀಕ್ಷೆ ಉಂಟಾ ಇಲ್ಲವಾ, ಈ ಆರು ವಿಷಯದ ಕನ್ನಡ ಕಾರ್ಡು ಮಲಯಾಳದ ಕಾರ್ಡಿನ ಜೊತೆಗೇ ಬರಲಿ. ಖಾಲಿ ಜಾಗ ತುಂಬುವ ಮಾದರಿಯನ್ನು ನೀವೇ ಮಾಡಿ ಲಗತ್ತಿಸಿದರೆ ಆಗುವುದಿಲ್ಲ ಅನ್ನಲು ಕಾರಣ ಕಡಿಮೆಯಾಗುತ್ತದೆ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸೀಲು ತಾರೀಕು ಹಾಕಿಸಿಕೊಳ್ಳಿ, ಇನ್‌ವಾರ್ಡ್ ನಂಬರ್ ಬರೆಸಿಕೊಳ್ಳದೆ ಹೊರಗೆ ಬರಬೇಡಿ. ನೂರು ಜನ ಸಹಿ ಮಾಡಿದ ಒಂದು ಅರ್ಜಿಗೆ ಬರುವುದು ಒಂದೇ ನಂಬರ್. ನೂರು ಜನ ನೂರು ಅರ್ಜಿ ಕೊಟ್ಟರೆ ನೂರಕ್ಕೂ ಕನ್ನಡದಲ್ಲಿ ಉತ್ತರ ಬರೆಯಬೇಕು. ಜನವರಿಯಲ್ಲಿ ಕೊಡಿ. ಜೂನ್‌ನಲ್ಲಿ ಕೊಟ್ಟರೆ ಅಲ್ಲಿಯೂ ಎಲ್ಲರೂ ಮಳೆಯ ಕೆಲಸದಲ್ಲೇ ಇರುತ್ತಾರೆ.

ಅಲ್ಲಿಯವರೆಗೆ "ನಾಳೆ ರಜೆಯಾ" ಅಂತ ಕೇಳಲೇಬೇಕು ಅಂತಿದ್ದರೆ ಮಲಯಾಳ ಮೂಲವನ್ನು, ಕತ್ತರಿಸದೆ, ಮೇಲಿನ ಸಾಲಿನ ಸಮೇತ ಕಳುಹಿಸಿ. ಒಂಬತ್ತರ ಒಳಗೆ. ಒಂಬತ್ತರ ಮೇಲೆ ನನ್ನ ಉತ್ತರಕ್ಕೆ ಕಾಯುವ ಬದಲು ಮಗುವಿನ ಯೂನಿಫಾರ್ಮ್ ಒಣಗಿದೆಯಾ ಅಂತ ನೋಡಿ. ಈ ಮಳೆಗೆ ಅದೂ ಒಣಗಿರುವುದಿಲ್ಲ.