ಭೋಂಗಾ ನಿಂತ ಊರಿನಲ್ಲಿ ಒಂದು ದಿನ

ಅಪ್ಪ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ನಮ್ಮ ಮನೆಯಲ್ಲಿ ಗಡಿಯಾರಕ್ಕಿಂತ ವರ್ಕ್‌ಶಾಪಿನ ಭೋಂಗಾಕ್ಕೆ, ಅಂದರೆ ಸೈರನ್ನಿಗೆ, ಜಾಸ್ತಿ ಬೆಲೆ. ಹಾಗಾಗಿ ಲಂಡನ್ನಿನಲ್ಲಿರುವ ಮಗಳು ಶನಿವಾರ ಎಲ್ಲಿಗೆ ಹೋಗೋಣ ಅಂದಾಗ ನಾನು ಸ್ವಿಂಡನ್ ಅಂದೆ.

"ಅಲ್ಲೇನೈತಿ ಪಪ್ಪಾ?"

"ವರ್ಕ್‌ಶಾಪ್ ಇತ್ತು."

ಪ್ಯಾಡಿಂಗ್ಟನ್ ಸ್ಟೇಷನ್ನಿನಿಂದ ಸುಮಾರು ಒಂದು ಗಂಟೆ. ದಾರಿಯುದ್ದಕ್ಕೂ ಹಸಿರು ಹೊಲ, ಕುರಿ. 1841ರಲ್ಲಿ ಸ್ವಿಂಡನ್ನಿನಲ್ಲಿ ಇದ್ದದ್ದೇ ಎರಡೂವರೆ ಸಾವಿರ ಜನ. ಗುಡ್ಡದ ಮೇಲೆ ಒಂದು ಸಂತೆ ಊರು, ಅಷ್ಟೇ. 1901ರ ಹೊತ್ತಿಗೆ ಅದು ಸುಮಾರು 45 ಸಾವಿರಕ್ಕೆ ಏರಿತು. ಅರವತ್ತು ವರ್ಷದಲ್ಲಿ ಇಷ್ಟು ಬೆಳೆದದ್ದಕ್ಕೆ ಮೂಲ 1840ರಲ್ಲಿ ಬರೆದ ಒಂದು ಪತ್ರ.

ಬರೆದವನು ಡೇನಿಯಲ್ ಗೂಚ್. ಲಂಡನ್ನಿನಿಂದ ಬ್ರಿಸ್ಟಲ್‌ಗೆ ಹಳಿ ಹಾಕುತ್ತಿದ್ದ ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪನಿಯ ಎಂಜಿನ್ನುಗಳ ಉಸ್ತುವಾರಿ ಅವನದು. ಆಗ ಅವನಿಗೆ ಬರೀ 24 ವರ್ಷ. ರಿಪೇರಿ ಕಾರ್ಖಾನೆ ಸ್ವಿಂಡನ್ನಿನಲ್ಲೇ ಆಗಲಿ ಎಂದು ತನ್ನ ಮೇಲಧಿಕಾರಿ ಬ್ರುನೆಲ್‌ಗೆ ಬರೆದ. ಲಂಡನ್ ಕಡೆಗೆ ಹಳಿ ಸಮತಟ್ಟು, ಬ್ರಿಸ್ಟಲ್ ಕಡೆಗೆ ಏರಿಳಿತ. ಹಾಗಾಗಿ ಎಂಜಿನ್ ಬದಲಿಸಲು ಇದೇ ಸರಿಯಾದ ಜಾಗ. ಚೆಲ್ಟನ್‌ಹ್ಯಾಮ್ ಲೈನ್ ಕವಲೊಡೆಯುವುದೂ ಇಲ್ಲೇ. ಪಕ್ಕದಲ್ಲಿ ಕಾಲುವೆ ಇದ್ದದ್ದರಿಂದ ದೋಣಿಯಲ್ಲಿ ಕಲ್ಲಿದ್ದಲು ತರಿಸಬಹುದಿತ್ತು. 1843ರ ಜನವರಿಯಲ್ಲಿ ಕಾರ್ಖಾನೆಯಲ್ಲಿ ಕೆಲಸ ಶುರುವಾಯಿತು.

ಕಂಪನಿಯ ಕೈಯಲ್ಲಿ ದುಡ್ಡಿರಲಿಲ್ಲ. ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಸ್ಟೇಷನ್ನು, ಕಾರ್ಮಿಕರ ಮನೆಗಳನ್ನು ಕಟ್ಟಿಕೊಟ್ಟರು. ಬದಲಿಗೆ ಸ್ಟೇಷನ್ನಿನ ಕ್ಯಾಂಟೀನು 99 ವರ್ಷ ಅವರದು, ರೈಲುಗಳು ಊಟ ತಿಂಡಿಗೆ ಹತ್ತು ನಿಮಿಷ ನಿಲ್ಲಲೇಬೇಕು ಅನ್ನುವ ಕರಾರು. ಅದನ್ನು ಬಿಡಿಸಿಕೊಳ್ಳಲು ಕಂಪನಿ 1895ರಲ್ಲಿ ಒಂದು ಲಕ್ಷ ಪೌಂಡ್ ಕೊಡಬೇಕಾಯಿತು. ಅವಸರದ ಕರಾರು ಎಷ್ಟು ದುಬಾರಿ, ನೋಡಿ.

ಆ ಮನೆಗಳು ಇನ್ನೂ ಇವೆ. ತಿಳಿ ಬಣ್ಣದ ಕಲ್ಲಿನ ಸಾಲು ಮನೆಗಳು. ಬೀದಿಗಳಿಗೆ ಲೈನಿನ ಮೇಲಿನ ಊರುಗಳದ್ದೇ ಹೆಸರು: ಬ್ರಿಸ್ಟಲ್, ಎಕ್ಸೆಟರ್, ಟಾಂಟನ್, ರೆಡಿಂಗ್. ನಮ್ಮ ರೈಲ್ವೆ ಕ್ವಾರ್ಟರ್ಸ್ ಕಣ್ಣಮುಂದೆ ಬಂತು.

ಈ ಬೀದಿಗಳಲ್ಲಿ ನನಗೆ ಅತಿ ದೊಡ್ಡದು ಅನ್ನಿಸಿದ್ದು ಎಂಜಿನ್ನಲ್ಲ. 1847ರಲ್ಲೇ ಇಲ್ಲಿನ ಕಾರ್ಮಿಕರು ವೈದ್ಯಕೀಯ ನಿಧಿ ಕಟ್ಟಿಕೊಂಡಿದ್ದರು. ಎಲ್ಲರ ಪಗಾರದಲ್ಲೂ ಅಷ್ಟಷ್ಟು ಮುರಿಯುತ್ತಿದ್ದರು. ಅದರಿಂದ ಡಾಕ್ಟರು, ಔಷಧಿ, 1871ರಲ್ಲಿ ಒಂದು ಆಸ್ಪತ್ರೆ, ಆಮೇಲೆ ಈಜುಕೊಳ, ಸ್ನಾನಗೃಹ. ಇಡೀ ಬ್ರಿಟನ್ನಿಗೆ ಸರ್ಕಾರಿ ಆರೋಗ್ಯ ಸೇವೆ ಬಂದದ್ದು 1948ರಲ್ಲಿ, ನೂರೊಂದು ವರ್ಷದ ಮೇಲೆ! ಸ್ವಿಂಡನ್ ಬೆಳೆದದ್ದು ಬರೀ ಕಬ್ಬಿಣದಿಂದ ಅಂತ ನಾನಂತೂ ಒಪ್ಪುವುದಿಲ್ಲ. ಕೈಗೆ ಪೆಟ್ಟಾದರೆ ನೋಡುವವರು ಇದ್ದಾರೆ ಅನ್ನುವ ಧೈರ್ಯ ಕಾರ್ಮಿಕನಿಗಿತ್ತು. ಅವನ ಮಗನೂ ಅದೇ ಕೆಲಸ ಕಲಿತ.

ಹಳಿಗಳ ಕೆಳಗಿನ ಸುರಂಗದಲ್ಲಿ ಆಚೆ ದಾಟಿದೆವು. ಒಂದು ಕಾಲಕ್ಕೆ ದಿನವೂ ಸಾವಿರಾರು ಜನ ಕೆಲಸಕ್ಕೆ ಹೋಗುತ್ತಿದ್ದ ದಾರಿ ಇದು. ಈಗ ಶಾಪಿಂಗಿಗೆ ಬಂದವರು ನಡೆಯುತ್ತಾರೆ. ಹಳೆಯ ಶೆಡ್ಡುಗಳಲ್ಲಿ 1997ರಿಂದ ಬ್ರಾಂಡೆಡ್ ಬಟ್ಟೆ, ಶೂ ಅಂಗಡಿಗಳ ದೊಡ್ಡ ಮಾರುಕಟ್ಟೆ. ತಲೆಯೆತ್ತಿದರೆ ಕಬ್ಬಿಣದ ತೊಲೆಗಳು. ನಮ್ಮ ಹಿಂದೆ ಯಾರೋ ಕೊಂಕಣಿಯಲ್ಲಿ ಮಾತಾಡುತ್ತಿದ್ದರು. ಗೋವಾದಿಂದ ಬಂದು ನೆಲೆಸಿದವರು ಈ ಊರಲ್ಲಿ ಬಹಳ. ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಹಾಗಾಯಿತು.

ವರ್ಕ್‌ಶಾಪ್ ಮುಚ್ಚಿದ್ದು 1986ರ ಮಾರ್ಚಿನಲ್ಲಿ. ಭೋಂಗಾ ಅಂದೇ ಕೊನೆ. ಎಷ್ಟೋ ಊರು ಇಂಥ ಪೆಟ್ಟಿಗೆ ಏಳಲೇ ಇಲ್ಲ, ಅಲ್ವಾ? ಸ್ವಿಂಡನ್ ಎದ್ದಿತು. ಯಾಕೆಂದರೆ 1950ರ ದಶಕದಲ್ಲೇ ಅದು ಲಂಡನ್ನಿನ ಜನರನ್ನು, ಕಾರಿನ ಬಾಡಿ ಮಾಡುವ ಕಾರ್ಖಾನೆಯನ್ನು ಕರೆತಂದಿತ್ತು. 1971ರಲ್ಲಿ ಎಂ4 ಹೆದ್ದಾರಿ ಬಂತು. ಆಮೇಲೆ ಮನೆ ಸಾಲ ಕೊಡುವ ನೇಷನ್‌ವೈಡ್, ಕಂಪ್ಯೂಟರ್ ಚಿಪ್ಪಿನ ಇಂಟೆಲ್, ಕಾರಿನ ಹೊಂಡಾ ಬಂದವು. ಹೊಂಡಾ 2021ರಲ್ಲಿ ಬಾಗಿಲು ಹಾಕಿತು. ಆದರೂ ಅದೇ ವರ್ಷದ ಜನಗಣತಿಯಲ್ಲಿ ಸುತ್ತಲ ಪ್ರದೇಶವೂ ಸೇರಿ ಎರಡು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಜನ.

ಸ್ಟೀಮ್ ಮ್ಯೂಸಿಯಮ್ಮಿಗೆ ಹೊಕ್ಕಾಗ ಮಧ್ಯಾಹ್ನ ಎರಡಾಗಿತ್ತು. ಅಲ್ಲಿ ಕಾರ್ಮಿಕರ ಹಾಜರಿಯ ಹಿತ್ತಾಳೆ ಬಿಲ್ಲೆಗಳಿವೆ. ರೂಪಾಯಿ ನಾಣ್ಯದಂಥವು, ಒಂದೊಂದರ ಮೇಲೂ ನಂಬರ್. ಅಂಚು ಸವೆದು ನುಣ್ಣಗಾಗಿದೆ. ಹುಬ್ಬಳ್ಳಿಗೆ ವಿಡಿಯೋ ಕಾಲ್ ಹಚ್ಚಿದೆ. ಅಲ್ಲಿ ಸಂಜೆ, ಅಪ್ಪ ಕಟ್ಟೆಯ ಮೇಲೆ ಕೂತಿದ್ದರು.

"ಸ್ವಲ್ಪ ಹತ್ರ ಹಿಡಿ."

ಹಿಡಿದೆ. ತುಂಬ ಹೊತ್ತು ನೋಡಿದರು. ಆಮೇಲೆ ತಮ್ಮ ಬಿಲ್ಲೆಯ ನಂಬರ್ ಹೇಳಿದರು. ಅದನ್ನು ವಾಪಸು ಕೊಟ್ಟು ಇಪ್ಪತ್ತೆಂಟು ವರ್ಷವಾಗಿದೆ.